ಹೊತ್ತು ಮುಳುಗುವ ಮುಂಚಿನ ತುತ್ತು

ಮೊದಲು ತಪ್ಪಿದ್ದು ಕೈ. ಜ್ವರ ತಿಳಿದದ್ದು ಆಮೇಲೆ.

ವಿಮಲೆಗೆ ಆಗ ಮೂರು ತುಂಬಿತ್ತಷ್ಟೆ. ಬೆಳಿಗ್ಗೆ ಒಂದು ಚೂರು ಕೊಬ್ಬರಿ ಮಿಠಾಯಿ ಕೊಡಹೋದೆ. ಕೈ ಚಾಚಿದಳು. ಕೈ ಮಿಠಾಯಿಯ ಪಕ್ಕದಿಂದ ಹಾದುಹೋಯಿತು. ಆಟ ಆಡುತ್ತಿದ್ದಾಳೆ ಅಂದುಕೊಂಡು ನಕ್ಕೆ. ಮತ್ತೆ ಚಾಚಿದಳು, ಮತ್ತೆ ತಪ್ಪಿತು. ಮುಟ್ಟಿ ನೋಡಿದರೆ ಮೈ ಕಾದ ಹಂಚಿನ ಹಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಫಿಟ್ಸ್ ಬಂತು.

ಹಳೇಬೀಡಿನಿಂದ ಹಾಸನದ ಆಸ್ಪತ್ರೆಗೆ ಯಾರದೋ ಜೀಪಿನಲ್ಲಿ ಹೋದೆವು. ಬ್ರೈನ್ ಫೀವರ್ ಎಂದರು. ಬೆನ್ನಿನಿಂದ ನೀರು ತೆಗೆದು ಟೆಸ್ಟ್ ಮಾಡಬೇಕು ಎಂದರು. ಯಜಮಾನರು ತಲೆ ಆಡಿಸಿದರು. ನಾನು ಮಾತ್ರ ನರ್ಸನ್ನು ನಿಲ್ಲಿಸಿ, ತೆಗೆದ ನೀರನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಪ್ರತಿ ಇಂಜೆಕ್ಷನ್ನಿನ ಸೀಸೆಯ ಮೇಲಿನ ಹೆಸರು ಓದಿಸಿಕೊಂಡೆ. ಸಂಶಯ ನನ್ನ ಹುಟ್ಟುಗುಣ. 'ಮೊಸರಲ್ಲಿ ಕಲ್ಲು ಹುಡುಕುವವಳು' ಎಂದು ಯಜಮಾನರು ಮದುವೆಯ ಹೊಸದರಲ್ಲೇ ಹೆಸರಿಟ್ಟಿದ್ದರು. ಕಿರಾಣಿ ಅಂಗಡಿ ಇಟ್ಟವರ ಮನೆಗೆ ಅಂಥವಳೊಬ್ಬಳು ಬೇಕು ಎಂದು ಅತ್ತೆ ಹೇಳುತ್ತಿದ್ದರು. ಅದು ಹೊಗಳಿಕೆಯೋ ಚುಚ್ಚು ಮಾತೋ ಇವತ್ತಿಗೂ ಗೊತ್ತಿಲ್ಲ.

ಜ್ವರ ಇಳಿಯಿತು. ವಿಮಲೆ ಕಣ್ಣು ಬಿಟ್ಟಳು. ನನ್ನ ಗುರುತು ಹಿಡಿದಳು. ಆದರೆ ನಿನ್ನೆ ಮೊನ್ನೆ ಅರಳು ಹುರಿದಂತೆ ಮಾತಾಡುತ್ತಿದ್ದ ಹುಡುಗಿಯ ಬಾಯಿಂದ 'ಅ' ಎನ್ನುವ ಸದ್ದು ಬಿಟ್ಟು ಬೇರೇನೂ ಬರಲಿಲ್ಲ.

"ಡ್ಯಾಮೇಜ್ ಆಗಿದೆ ತಾಯಿ," ಎಂದರು ಡಾಕ್ಟರು. "ಎಷ್ಟು ವಾಪಸ್ ಬರುತ್ತೆ ಅಂತ ನಾನು ಹೇಳಲಾರೆ."

"ಹೇಳಲಾರಿರೋ, ಹೇಳೋಕೆ ಇಷ್ಟ ಇಲ್ಲವೋ?" ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ. ನನ್ನನ್ನೇ ನೋಡಿ, "ಗೊತ್ತಿಲ್ಲ," ಎಂದರು.

ಮನೆಗೆ ಬಂದೆವು. ಆಮೇಲಿನ ವರ್ಷಗಳಲ್ಲಿ ಅವಳು ವಾಲಿಕೊಂಡು ನಡೆಯುವುದನ್ನು ಕಲಿತಳು. 'ಅಜ್ಜಿ' ಎನ್ನುವುದನ್ನೂ ಕಲಿತಳು, 'ಅಮ್ಮ' ಎನ್ನುವುದಕ್ಕಿಂತ ಮೊದಲು. ಕೈ ಮಾತ್ರ ಬರಲಿಲ್ಲ. ತಟ್ಟೆಯಿಂದ ಬಾಯಿಗೆ ಹೋಗುವ ದಾರಿಯಲ್ಲಿ ಬಲಗೈ ನಡುಗಿ ಅನ್ನವೆಲ್ಲ ಲಂಗದ ಮೇಲೆ ಬೀಳುತ್ತಿತ್ತು.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ತುತ್ತಿಲ್ಲ. ಅತ್ತೆ ಈ ನೇಮವನ್ನು ಜ್ವರದಲ್ಲೂ ಪ್ರಯಾಣದಲ್ಲೂ ಬಿಟ್ಟವರಲ್ಲ. ವಿಮಲೆ ತನ್ನ ಕೈಯಿಂದ ಉಣ್ಣಲು ಹೊರಟರೆ ಅನ್ನ ಆರಿ, ಸಾರು ಕೆನೆಗಟ್ಟಿ, ಸೂರ್ಯ ತೆಂಗಿನ ಮರಗಳ ಹಿಂದೆ ಹೋಗಿಬಿಡುತ್ತಿದ್ದ. ಅರ್ಧ ಹೊಟ್ಟೆಯಲ್ಲಿ ಮಗು ರಾತ್ರಿಯೆಲ್ಲ ಹೊರಳುವುದನ್ನು ಯಾವ ತಾಯಿ ನೋಡುತ್ತಾಳೆ? ನಾನೇ ತುತ್ತು ಕಟ್ಟಿ ಬಾಯಿಗೆ ಇಡತೊಡಗಿದೆ. ಅವಳ ಕೈ ಮೇಲೆದ್ದರೆ ಎಡಗೈಯಿಂದ ಒತ್ತಿ ಹಿಡಿದು ಬಲಗೈಯಿಂದ ಉಣ್ಣಿಸುತ್ತಿದ್ದೆ. ಸೂರ್ಯನಿಗೂ ನನಗೂ ದಿನಾ ಪಂದ್ಯ. ದಿನಾ ನಾನೇ ಗೆಲ್ಲುತ್ತಿದ್ದೆ.

ನನಗೆ ಒಂದೇ ಭಯವಿತ್ತು. ನಾನು ಹೋದ ಮೇಲೆ ಇವಳ ಬಾಯಿಗೆ ಅನ್ನ ಇಡುವವರು ಯಾರು?

ಒಂದು ದಿನ ಬೇಲೂರಿನಿಂದ ಸರೋಜಮ್ಮ ಎನ್ನುವವರು ಬಾಗಿಲಿಗೆ ಬಂದರು. ಕೈಯಲ್ಲಿ ಚೀಲ, ಕಾಲಲ್ಲಿ ಧೂಳು. "ನಿಮ್ಮ ಮನೆಯಲ್ಲಿ ಒಂದು ಮಗು ಇದೆಯಂತಲ್ಲ," ಎಂದರು. ಎಮರ್ಜೆನ್ಸಿ ಮುಗಿದು ಹೆಚ್ಚು ದಿನ ಆಗಿರಲಿಲ್ಲ. ಮನೆಯಲ್ಲಿ ಎಷ್ಟು ಮಕ್ಕಳು ಎಂದು ಕೇಳಿಕೊಂಡು ಬರುವವರನ್ನು ಕಂಡರೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ. ಕುಟುಂಬ ಯೋಜನೆಯ ಆಪರೇಷನ್ನಿನವರು ಎಂದೇ ತಿಳಿದೆ.

"ಯಾವ ಮಗುವೂ ಇಲ್ಲ," ಎಂದೆ.

ಹಿಂದಿನಿಂದ ವಿಮಲೆ 'ಅ' ಎಂದಳು.

ಸರೋಜಮ್ಮ ನಗಲಿಲ್ಲ. ಜಗಲಿಯ ಮೇಲೆ ಕೂತು ತಮ್ಮ ಮಗನ ವಿಷಯ ಹೇಳಿದರು. ಅವನಿಗೆ ಹುಟ್ಟಿನಿಂದಲೇ ಬುದ್ಧಿ ಬೆಳೆದಿಲ್ಲ, ಯಾವ ಶಾಲೆಯೂ ಸೇರಿಸಿಕೊಳ್ಳಲಿಲ್ಲ. ಅದಕ್ಕೆ ಇಂಥ ಮಕ್ಕಳ ತಾಯಂದಿರು ನಾಲ್ಕಾರು ಜನ ಸೇರಿ ಬೇಲೂರಿನ ಹಳೇ ರೈಸ್ ಮಿಲ್ಲಿನ ಹಿಂದಿನ ಕೋಣೆಯಲ್ಲಿ ತಾವೇ ಶಾಲೆ ಮಾಡಿದ್ದಾರೆ. ಹಾಸನದಿಂದ ತರಬೇತಿಯಾದ ಟೀಚರೊಬ್ಬರು ವಾರಕ್ಕೊಮ್ಮೆ ಬಂದು ಹೇಳಿಕೊಟ್ಟು ಹೋಗುತ್ತಾರೆ. ಉಳಿದ ದಿನ ಅಮ್ಮಂದಿರೇ ಟೀಚರು.

"ಫೀಸು?"

"ಇಲ್ಲ."

ಬೆಳ್ಳಗಿರುವುದೆಲ್ಲ ಹಾಲಲ್ಲ. ಬಿಟ್ಟಿ ಎಂದಾಗ ನನ್ನ ಸಂಶಯ ಇಮ್ಮಡಿಯಾಯಿತು. ಆದರೆ ಯಜಮಾನರು, "ಹೋಗಿ ನೋಡು, ಕಲ್ಲು ಸಿಕ್ಕರೆ ವಾಪಸ್ ಬಾ," ಎಂದರು. ಹೋದೆ.

ಅಲ್ಲಿ ಒಂದು ಕಟ್ಟಳೆಯಿತ್ತು. ಯಾವ ತಾಯಿಯೂ ತನ್ನ ಮಗುವಿನ ಹತ್ತಿರ ಕೂರುವ ಹಾಗಿಲ್ಲ. ನನಗೆ ಬಿಕ್ಕೋಡಿನ ಗೌರಮ್ಮನ ಮಗ ಸುರೇಶ ಬಂದ. ವಿಮಲೆ ಗೌರಮ್ಮನಿಗೆ ಹೋದಳು.

"ನನ್ನ ಮಗಳನ್ನ ನಾನೇ ನೋಡ್ಕೊಂಡರೆ ಏನು ತಪ್ಪು?" ಎಂದು ಕೇಳಿದೆ.

"ನಮ್ಮ ಮಗು ಅಂದ್ರೆ ನಮ್ಮ ಕೈ ಸುಮ್ಮನಿರಲ್ಲ ಕಣ್ರೀ," ಎಂದರು ಸರೋಜಮ್ಮ. ಅದೊಂದು ಉತ್ತರವೇ? ನನ್ನ ಕಣ್ಣೆದುರು ಮಾಡಬಾರದ್ದು ಏನೋ ಇದೆ ಎಂದುಕೊಂಡೆ.

ಗೌರಮ್ಮನದು ದೊಡ್ಡ ಗಂಟಲು. ಬಾಯಲ್ಲಿ ಸದಾ ಎಲೆಯಡಿಕೆ. ಅವರದು ಕೋಳಿ ಸಾರು ಕುದಿಯುವ ಮನೆ. ಅವರ ಕೈ ನನ್ನ ಮಗಳ ಡಬ್ಬಿಗೆ ಹೋಗುತ್ತದೆ ಎನ್ನುವುದೇ ನನ್ನ ನಿದ್ದೆ ಕೆಡಿಸಿತು.

ಕುರುಹುಗಳೂ ಸಿಗತೊಡಗಿದವು. ಡಬ್ಬಿ ಅರ್ಧವೇ ಖಾಲಿ, ಲಂಗದ ತುಂಬ ಸಾರಿನ ಕಲೆ. ಮನೆಗೆ ಬಂದ ಮೇಲೆ ನಾನು ತುತ್ತು ತೆಗೆದುಕೊಂಡು ಹೋದರೆ ವಿಮಲೆ ಹಲ್ಲು ಕಚ್ಚಿ ಮುಖ ತಿರುಗಿಸುತ್ತಿದ್ದಳು. ಇಷ್ಟು ವರ್ಷದಲ್ಲಿ ಒಂದು ದಿನವೂ ಹಾಗೆ ಮಾಡಿದವಳಲ್ಲ. ಹಸಿವಿಲ್ಲ ಎಂದರೆ ಬೇರೆಲ್ಲೋ ತಿಂದಿದ್ದಾಳೆ. ಏನು ತಿಂದಿದ್ದಾಳೆ? ಬಾಯಿ ಮೂಸಿ ನೋಡಿದೆ. ನಮ್ಮ ಮನೆಯಲ್ಲಿ ಮುಟ್ಟದ ಈರುಳ್ಳಿಯ ವಾಸನೆ ಇರಲಿಲ್ಲ. ಬಾಯಿ ತೊಳೆಸಿ ಕಳಿಸುತ್ತಾರೆ, ಕಿಲಾಡಿಗಳು ಎಂದುಕೊಂಡೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನನಗೆ ಪ್ರತ್ಯಕ್ಷವಾಗಿ ಕಾಣುವುದೇ ಬಾಕಿಯಿತ್ತು. ಒಂದು ಮಧ್ಯಾಹ್ನ ಸುರೇಶನನ್ನು ಹೊರಗೆ ಅಂಗಳದಲ್ಲಿ ಅಂಗಿಯ ಗುಂಡಿ ಹಾಕುವ ಅಭ್ಯಾಸಕ್ಕೆ ಹಚ್ಚಿ, ಮಿಲ್ಲಿನ ಹಿಂಭಾಗಕ್ಕೆ ಹೋಗಿ ಕಿಟಕಿಯಲ್ಲಿ ಇಣುಕಿದೆ.

ವಿಮಲೆಯ ಮುಂದೆ ತಟ್ಟೆ. ಎದುರಿಗೆ ಗೌರಮ್ಮ ಚಾಪೆಯ ಮೇಲೆ ಕೂತಿದ್ದರು. ಎರಡೂ ಅಂಗೈಗಳನ್ನು ತೊಡೆಯ ಅಡಿಗೆ ಹಾಕಿಕೊಂಡು, ಅವುಗಳ ಮೇಲೇ ಕೂತಿದ್ದರು. ವಿಮಲೆ ಅನ್ನ ಎತ್ತಿದಳು. ನಡುಗಿತು. ಬಿತ್ತು. ಮತ್ತೆ ಎತ್ತಿದಳು. ಮತ್ತೆ ಬಿತ್ತು. ಗೌರಮ್ಮ ಅಲ್ಲಾಡಲಿಲ್ಲ. ಹೊಲದ ವಿಷಯ, ಕರುವಿನ ವಿಷಯ ಏನೋ ಹೇಳುತ್ತಲೇ ಇದ್ದರು. ನನ್ನ ಮಗು ಹಸಿದು ಕೂತಿದೆ, ಇವಳು ಹರಟೆ ಹೊಡೆಯುತ್ತಿದ್ದಾಳೆ!

ನುಗ್ಗಿದೆ. "ಮಗು ಉಪವಾಸ ಬಿದ್ದಿದೆ, ನೀವು ಕೈ ಬಚ್ಚಿಟ್ಕೊಂಡು ಕೂತಿದ್ದೀರಲ್ಲ!"

"ಬಚ್ಚಿಡದೆ ಏನ್ ಮಾಡ್ಲವ್ವಾ?" ಎಂದರು ಗೌರಮ್ಮ. "ಇವು ಎಂಥವು ಅಂತ ನಂಗೊತ್ತೈತೆ. ಬಿಟ್ರೆ ನಿನ್ ಮಗಳ ಬಾಯಿಗೆ ಹೋಯ್ತವೆ. ಜೋಮು ಹಿಡಿದು ಕೂತೀನಿ, ನೋಡಿಲ್ಲಿ." ತೊಡೆಯ ಅಡಿಯಿಂದ ಒಂದು ಕೈ ತೆಗೆದು ತೋರಿಸಿದರು. ಅಂಗೈ ಕೆಂಪಗೆ, ಚಾಪೆಯ ಗೆರೆ ಮೂಡಿತ್ತು. "ಅನ್ನ ಮುಟ್ಟಿಲ್ಲ ಕಣವ್ವಾ. ನಿಮ್ ಮಡಿ ನಂಗೊತ್ತಿಲ್ವಾ?"

ನಾನು ಕೇಳಿಸಿಕೊಳ್ಳಲಿಲ್ಲ. ತಟ್ಟೆಗೆ ಕೈ ಹಾಕಿ ತುತ್ತು ಕಟ್ಟಿ ಮಗಳ ಬಾಯಿಗೆ ಒಯ್ದೆ.

ವಿಮಲೆ ನನ್ನ ಕೈಯನ್ನು ತಳ್ಳಿದಳು.

ತಳ್ಳಿ, ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅನ್ನ ಎತ್ತಿದಳು. ಅರ್ಧ ಬಿತ್ತು. ಅರ್ಧ ಒಳಗೆ ಹೋಯಿತು. ಅಗಿಯುತ್ತಾ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತು. ಜ್ವರ ಬಂದು ಹೋದ ಮೇಲೆ ಅವಳಿಗೆ ಸಿಟ್ಟು ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ. ನನಗೆ ಅಳು ಬಂತು, ಖುಷಿಯೂ ಆಯಿತು. ಹೊರಗೆ ಸುರೇಶ ಗುಂಡಿಗಳನ್ನೆಲ್ಲ ತಪ್ಪು ತೂತಿಗೆ ಹಾಕಿಕೊಂಡು ರಾಜನ ಹಾಗೆ ನಿಂತಿದ್ದ.

ಅವತ್ತಿಗೆ ನನ್ನ ಸಂಶಯ ತೀರಿತು ಎಂದರೆ ಸುಳ್ಳಾಗುತ್ತದೆ. ಮಧ್ಯಾಹ್ನ ಇಲ್ಲಿ ಹೇಗೋ ಸರಿ, ಸಂಜೆ ಮನೆಯಲ್ಲಿ? ಗೌರಮ್ಮನಿಗೆ ಹೊತ್ತಿನ ಹಂಗಿಲ್ಲ. ನನಗಿದೆ. ಈ ಮಾತನ್ನೇ ಸರೋಜಮ್ಮನಿಗೆ ಹೇಳಿದೆ. "ಅದು ನಿಮ್ಮ ಮನೆಯಲ್ಲೇ ತೀರ್ಮಾನ ಆಗಬೇಕು," ಎಂದರು. ಜತೆಗೆ, ಹಳೇಬೀಡಿನ ಸುತ್ತಿನ ಮನೆಗಳಿಗೆ ಹೋಗಿ ಇಂಥ ಮಕ್ಕಳ ತಾಯಂದಿರನ್ನು ಕರೆತರುವ ಕೆಲಸ ನನಗೇ ಒಪ್ಪಿಸಿದರು. "ನಂಬದವರ ಹತ್ತಿರ ಮಾತಾಡೋಕೆ ನಂಬದವರೇ ಸರಿ." ಈಗ ಜನ ನನ್ನ ಮುಖಕ್ಕೇ ಬಾಗಿಲು ಹಾಕುತ್ತಾರೆ. ಹಾಕಿದವರ ಜಗಲಿಯ ಮೇಲೆ ಕೂರುವುದನ್ನು ನಾನೂ ಕಲಿತಿದ್ದೇನೆ.

ಮನೆಯಲ್ಲಿ ಸಂಜೆಯ ಅಡುಗೆಯನ್ನು ಇನ್ನೂ ಬೇಗ ಶುರು ಮಾಡಿದೆ. ಬಸ್ಸಿಳಿದವಳೇ ಒಲೆ ಹಚ್ಚುತ್ತಿದ್ದೆ. ಅತ್ತೆ ಏನೂ ಹೇಳಲಿಲ್ಲ. ಏನೂ ಹೇಳದ ಅತ್ತೆಯನ್ನು ನಂಬುವುದು ಹೇಗೆ? ಮೊಮ್ಮಗಳು ಚೆಲ್ಲಿದ ಅಗುಳುಗಳನ್ನು ಅವರು ಎಣಿಸುತ್ತಿದ್ದಾರೆ, ಒಂದು ದಿನ ಸ್ಫೋಟಿಸುತ್ತಾರೆ ಎಂದು ಕಾಯುತ್ತಿದ್ದೆ. ನಾನೂ ಗೌರಮ್ಮನ ಹಾಗೆ ಕೈಗಳ ಮೇಲೆ ಕೂರುತ್ತಿದ್ದೆ. ಅದೆಷ್ಟು ಕಷ್ಟ ಎನ್ನುವುದು ಕೂತವರಿಗೇ ಗೊತ್ತು.

ಕಳೆದ ತಿಂಗಳು, ಚಳಿಯ ದಿನ, ಬೇಲೂರಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಮನೆ ಸೇರುವಾಗ ಬಿಸಿಲು ಹಳದಿಯಾಗಿತ್ತು. ಅನ್ನ ಆಗಿ ತಟ್ಟೆ ಇಡುವ ಹೊತ್ತಿಗೆ ಇನ್ನೂ ಇಳಿದಿತ್ತು. ಉಣ್ಣಿಸಿಬಿಡೋಣ, ಇವತ್ತೊಂದು ದಿನ ಎಂದು ಕೈ ಚಾಚಿದೆ. ವಿಮಲೆ ತಟ್ಟೆಯನ್ನು ಎಳೆದುಕೊಂಡಳು.

ಅತ್ತೆ ಜಪಮಾಲೆ ಹಿಡಿದು ಪಡುವಣದ ಬಾಗಿಲ ಹೊಸ್ತಿಲ ಮೇಲೆ ಹೋಗಿ ಕೂತರು. ದಿನವೂ ಅವರು ಅಲ್ಲಿ ಕೂರುವವರಲ್ಲ.

ಒಂದು ತುತ್ತು ಬಿತ್ತು. ಒಂದು ಹೋಯಿತು.

"ಅತ್ತೆ, ಹೊತ್ತು ಮುಳುಗಿತಾ?"

"ಇಲ್ಲ ಕಣೇ. ಇನ್ನೂ ಇದೆ."

ಮತ್ತೊಂದು ತುತ್ತು. ಒಳಗೆ ಮಬ್ಬು ಕವಿಯುತ್ತಿತ್ತು. ಪಕ್ಕದ ಮನೆಯಲ್ಲಿ ದೀಪ ಹಚ್ಚಿದ್ದು ಗೋಡೆಯ ಮೇಲೆ ಕಂಡಿತು. ಹಕ್ಕಿಗಳ ಗಲಾಟೆ ನಿಂತು ಎಷ್ಟೋ ಹೊತ್ತಾಗಿತ್ತು.

"ಅತ್ತೆ, ಹೊತ್ತು?"

ಅವರು ತಿರುಗಲಿಲ್ಲ. ಬಾಗಿಲನ್ನು ಪೂರ್ತಿ ತುಂಬಿಕೊಂಡು ಕೂತಿದ್ದರು. "ಇನ್ನೂ ಇದೆ ಅಂದೆನಲ್ಲ. ಮಗು ಉಣ್ಣಲಿ."

ಎರಡು ಹೆಜ್ಜೆ ಇಟ್ಟರೆ ಕಿಟಕಿ. ಇಣುಕಿದರೆ ಪಡುವಣ ಕಾಣುತ್ತದೆ. ಇಂಜೆಕ್ಷನ್ ಸೀಸೆಯ ಹೆಸರು ಓದಿಸಿಕೊಂಡವಳು ನಾನು, ಮಗಳ ಬಾಯಿ ಮೂಸಿದವಳು ನಾನು.

ಎದ್ದು ಹೋಗಿ ನೋಡಲಿಲ್ಲ. ಕೈಗಳ ಮೇಲೆ ಕೂತೇ ಇದ್ದೆ. ವಿಮಲೆ ತಟ್ಟೆ ಬರಿದು ಮಾಡಿ, ನಡುಗುವ ಬೆರಳುಗಳನ್ನು ಒಂದೊಂದಾಗಿ ನೆಕ್ಕಿ, "ಅಜ್ಜಿ," ಎಂದಳು.

"ಆಯ್ತಾ ಮಗಳೇ?" ಎಂದು ಅತ್ತೆ ಹೊಸ್ತಿಲಿನಿಂದ ಎದ್ದರು. "ಈಗ ಮುಳುಗಿತು ನೋಡು."