ದೊಡ್ಡಮ್ಮ ಕಟ್ಟಿದ ಸೀತಾಳೆ ದಂಡೆ

ಹುಳಿ ಬಂದ ಅಕ್ಕಚ್ಚಿನ ವಾಸನೆ ಈಗ ನಮ್ಮ ಮೂಡಬಿದ್ರೆಯ ಪೇಟೆಮನೆಗಳಲ್ಲಿ ಸಿಗುವುದಿಲ್ಲ. ಅಕ್ಕಿ ತೊಳೆದ ನೀರು, ಗಂಜಿಯ ತಿಳಿ, ತರಕಾರಿಯ ಸಿಪ್ಪೆ ಎಲ್ಲವನ್ನೂ ದನಕ್ಕೆಂದು ಹಿತ್ತಿಲ ಬಾಗಿಲಲ್ಲಿ ಒಂದು ಮರಿಗೆಯಲ್ಲಿ ಕೂಡಿಡುತ್ತಿದ್ದ ಕಾಲ ಹೋಯಿತು. ದನವೇ ಇಲ್ಲದ ಮೇಲೆ ಅಕ್ಕಚ್ಚು ಯಾರಿಗೆ? ಮೊನ್ನೆ ಅಕ್ಕಿ ತೊಳೆದ ನೀರನ್ನು ಚೆಲ್ಲಲು ಮರೆತಿದ್ದೆ. ಮಾರನೆಯ ದಿನ ಪಾತ್ರೆಯ ಮುಚ್ಚಳ ತೆಗೆದರೆ ಅದೇ ವಾಸನೆ. ಅರವತ್ತು ವರ್ಷಕ್ಕೂ ಹಿಂದೆ, ಹತ್ತು ವರ್ಷದ ಹುಡುಗಿಯಾಗಿ ನಾನು ಮಾಡಿದ ಒಂದು ಕೆಲಸಕ್ಕೆ ಇದೇ ವಾಸನೆ ಇತ್ತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಮನೆಯಲ್ಲಿ ಆಡಿದ್ದು ತುಳು, ಬರೆಯಲು ಕಲಿತದ್ದು ಇಷ್ಟು ಕನ್ನಡ. ಇದರಲ್ಲೇ ಹೇಳಿ ಮುಗಿಸುತ್ತೇನೆ.

ಬಸದಿಯ ಬೀದಿಯ ಹಿಂದೆ ನಮ್ಮ ಹಂಚಿನ ಮನೆ ಇತ್ತು. ಮುಂಭಾಗದಲ್ಲಿ ಅಪ್ಪನ ಕತ್ತದ ಹಗ್ಗದ ಅಂಗಡಿ. ಬಂಟ್ವಾಳದಿಂದ ಗಾಡಿಯಲ್ಲಿ ಬಂದ ಹಗ್ಗದ ಸುರುಳಿಗಳು ಮಾಡಿನವರೆಗೆ ಪೇರಿಸಿರುತ್ತಿದ್ದವು, ಇಡೀ ಮನೆ ಒಣನಾರಿನ ಪರಿಮಳದಲ್ಲಿ ಮಲಗಿ ಏಳುತ್ತಿತ್ತು. ನನ್ನನ್ನು ಹೆತ್ತ ವಾರದಲ್ಲೇ ಅಮ್ಮ ತೀರಿಹೋಗಿದ್ದಳು. ಅಕ್ಕ ವಾರಿಜಳನ್ನೂ ನನ್ನನ್ನೂ ಸಾಕಿದವರು ಅಪ್ಪನ ಅಣ್ಣನ ಹೆಂಡತಿ, ವಿಧವೆ ದೊಡ್ಡಮ್ಮ. ಸೂರ್ಯ ಮುಳುಗುವ ಮೊದಲೇ ಅವರ ಊಟ ಮುಗಿಯುತ್ತಿತ್ತು. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸುವರು, ಸೋಸಿದ ಬಟ್ಟೆಯನ್ನು ಮತ್ತೆ ಬಾವಿಯ ನೀರಲ್ಲೇ ಅದ್ದುವರು, ಅಂಟಿದ ಸಣ್ಣ ಹುಳ ಕೂಡ ಸಾಯಬಾರದೆಂದು. ಸುಳ್ಳು ಹೇಳಿದ ಮಕ್ಕಳಿಗೆ ಅವರು ಹೊಡೆಯುತ್ತಿರಲಿಲ್ಲ, ಮುಖ ನೋಡುತ್ತಿದ್ದರು ಅಷ್ಟೆ. ಅದಕ್ಕಿಂತ ಹೊಡೆತವೇ ಸಲೀಸು.

ಅಕ್ಕನಿಗೆ ಹದಿನಾರಾಗಿದ್ದಾಗ ಗಾಳಿಮಳೆಗೆ ದಾರಿಯ ಧೂಪದ ಮರದ ಕೊಂಬೆಯೊಂದು ಮುರಿದು ಬಿತ್ತು. ಅದರ ಮೇಲೆ ದಪ್ಪ ಎಲೆಯ, ಬಿಳಿಯ ಬೇರು ಇಳಿಬಿಟ್ಟ ಒಂದು ಗಿಡ. ಸೀತಾಳೆ ದಂಡೆ. ಈಗಿನವರು ಆರ್ಕಿಡ್ ಅನ್ನುತ್ತಾರೆ. ನರಿಯ ಬಾಲದ ಹಾಗೆ ತೂಗುವ ಅದರ ನಸುಗೆಂಪು ಹೂಗೊಂಚಲನ್ನು ಅಕ್ಕ ಒಮ್ಮೆ ಎತ್ತರದ ಮರದಲ್ಲಿ ನೋಡಿದ್ದಳಂತೆ. ಅದನ್ನು ಮನೆಯಲ್ಲೇ ಅರಳಿಸಬೇಕೆಂದು ಹಟ ಹಿಡಿದಳು. ಬೆಳೆಸುವುದು ಹೇಗೆಂದು ಕೇಳಲು ಊರಲ್ಲಿ ಯಾರೂ ಇರಲಿಲ್ಲ. ಮೊದಲು ಒಂದು ತುಂಡನ್ನು ಮಣ್ಣಿನಲ್ಲಿ ನೆಟ್ಟು ಸೆಗಣಿಗೊಬ್ಬರ ಹಾಕಿದಳು. ಹತ್ತು ದಿನದಲ್ಲಿ ಕೊಳೆಯಿತು. ಉಳಿದ ತುಂಡಿನ ಬೇರನ್ನು ಬೆರಳಲ್ಲಿ ಸವರುತ್ತಾ ಬಹಳ ಹೊತ್ತು ಕುಳಿತಳು. "ಇದಕ್ಕೆ ಮಣ್ಣು ಬೇಡ, ಸುಮತಿ. ಗಾಳಿ ಬೇಕು." ಬೆತ್ತದ ಹಳೆಯ ಬುಟ್ಟಿಗೆ ಇದ್ದಿಲು, ಒಡೆದ ಹಂಚು, ತೆಂಗಿನ ಸಿಪ್ಪೆ ತುಂಬಿ, ಗಿಡವನ್ನು ಕತ್ತದ ನಾರಿನಿಂದ ಬಿಗಿದು ಜಗಲಿಯ ಮಾಡಿಗೆ ತೂಗುಹಾಕಿದಳು. ದೊಡ್ಡಮ್ಮನಿಗೆ ಅದು ಬಂದಣಿಕೆ, ಮರದ ಸಾರ ಹೀರಿ ಬದುಕುವ ಜಾತಿ. "ಗಂಡಿನ ಕಡೆಯವರು ಬಂದರೆ ಹೇಳುವ, ನಮ್ಮ ಹುಡುಗಿ ಬಂದಣಿಕೆ ಸಾಕ್ತಾಳೆ ಅಂತ" ಎಂದು ಕೆಣಕುತ್ತಿದ್ದರು. "ಹೇಳಿ ದೊಡ್ಡಮ್ಮ. ಗಂಡು ಓಡಿದರೆ ದಂಡೆ ನಾನೇ ಮುಡಿದುಕೊಳ್ತೇನೆ" ಎನ್ನುತ್ತಿದ್ದಳು ಅಕ್ಕ. ಹೀಗೆ ಮೂರು ವರ್ಷ. ವರ್ಷಕ್ಕೆ ಒಂದೋ ಎರಡೋ ಎಲೆ. ಅಕ್ಕ ಒಂದು ದಿನವೂ ಬೇಸರಿಸಲಿಲ್ಲ.

ಗಂಡು ಓಡಲಿಲ್ಲ. ಬೆಳ್ತಂಗಡಿಯ ಆಚೆಯ ಒಂದು ಮನೆಗೆ ಅಕ್ಕನ ಮದುವೆಯಾಯಿತು. ಹೊರಡುವ ದಿನ ಬುಟ್ಟಿಯ ಕೆಳಗೆ ನನ್ನನ್ನು ನಿಲ್ಲಿಸಿ ಹೇಳಿದಳು, "ಬರೀ ನೀರು. ಅದೂ ಬೇರು ಬಿಳಿಚಿಕೊಂಡರೆ ಮಾತ್ರ. ಬೇರೆ ಎಂತದೂ ಹಾಕಬೇಡ ಮಾರಾಯ್ತಿ. ಆಟಿಗೆ ಬರ್ತೇನಲ್ಲ." ಹೊಸದಾಗಿ ಮದುವೆಯಾದವಳು ಆಟಿ ತಿಂಗಳ ಮಳೆಗೆ ತವರಿಗೆ ಬಂದು ಕೂರುವುದು ನಮ್ಮ ಕಡೆಯ ಕ್ರಮ.

ಅವಳು ಹೋದ ತಿಂಗಳಲ್ಲಿ ಎಲೆಯ ಸಂದಿಯಿಂದ ಹಸುರು ಮೊನೆಯೊಂದು ಹೊರಗೆ ಬಂತು. ಹೂವಿನ ಗೊನೆ. ಮನೆಯಲ್ಲಿ ಅದನ್ನು ನೋಡಿದವಳು ನಾನೊಬ್ಬಳೇ. ಅಪ್ಪನಿಗೂ ಹೇಳಲಿಲ್ಲ, ದೊಡ್ಡಮ್ಮನಿಗೂ ಹೇಳಲಿಲ್ಲ. ಆಟಿಗೆ ಬಂದಾಗ ಅಕ್ಕ ಬೆರಗಾಗಬೇಕು, ಅವಳು ಮೂರು ವರ್ಷದಲ್ಲಿ ಮಾಡದ್ದನ್ನು ನಾನು ಎರಡು ತಿಂಗಳಲ್ಲಿ ಮಾಡಿದೆ ಅನಿಸಬೇಕು, ಅದು ನನ್ನ ಆಸೆ. ಬಡಕಲು ಕರು ಅಕ್ಕಚ್ಚು ಕುಡಿದು ಮೈತುಂಬಿಕೊಂಡದ್ದನ್ನು ನಾನು ಕಂಡಿದ್ದೆ. ದಿನಾ ಬೆಳಿಗ್ಗೆ ಮಣೆಯ ಮೇಲೆ ನಿಂತು, ಒಂದು ತೆಂಗಿನ ಗೆರಟೆ ಅಕ್ಕಚ್ಚನ್ನು ಗಿಡದ ನೆತ್ತಿಗೇ ಹೊಯ್ದೆ. ಮಳೆ ಹಿಡಿದ ದಿನಗಳು, ಹೊಯ್ದದ್ದು ಎಲೆಯ ಬುಡದಲ್ಲೇ ನಿಂತಿತು. ಮೊದಲು ಗೊನೆ ಕಪ್ಪಾಯಿತು. ಆಮೇಲೆ ಎಲೆಗಳು ಒಂದೊಂದಾಗಿ ಮುಟ್ಟಿದರೆ ಕೈಗೆ ಬರತೊಡಗಿದವು. ಅಕ್ಕ ಬರುವ ಹಿಂದಿನ ದಿನ ಬುಟ್ಟಿಯನ್ನು ಇಳಿಸಿ ಬಚ್ಚಲಿನ ಹಿಂದಿನ ಬೂದಿಗುಂಡಿಗೆ ಎಸೆದುಬಿಟ್ಟೆ.

ಅಕ್ಕ ಬಂದವಳು ಕಾಲು ಕೂಡ ತೊಳೆಯಲಿಲ್ಲ. ಒದ್ದೆ ಕೊಡೆ ಹಿಡಿದೇ ಮಾಡಿನ ಖಾಲಿ ಕೊಕ್ಕೆ ನೋಡಿದಳು. "ಬುಟ್ಟಿ ಎಲ್ಲಿ, ಸುಮತಿ?"

"ದೊಡ್ಡಮ್ಮ ಎಸೆದರು. ಬಂದಣಿಕೆ ಅಂತ."

ಮೊದಲೇ ಯೋಚಿಸಿಟ್ಟ ಮಾತಲ್ಲ. ಆದರೆ ಎಷ್ಟು ಸುಲಭವಾಗಿ ಬಂತು ಎಂಬುದು ಇಂದಿಗೂ ನೆನಪುಂಟು. ದೊಡ್ಡಮ್ಮ ಅಕ್ಕನಿಗೆಂದು ಬೆಲ್ಲ, ನೀರು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖ ನೋಡಿದರು. ಆಮೇಲೆ ನೀರಿನ ಚೊಂಬನ್ನು ಜಗಲಿಯಲ್ಲಿಟ್ಟು, "ಹೌದು ಮಗಾ. ಎಸೆದಾಯಿತು" ಎಂದರು. ಅವರ ಬಾಯಿಂದ ನಾನು ಕೇಳಿದ ಸುಳ್ಳು ಅದೊಂದೇ. ಹುಳಕ್ಕೂ ನೋವು ಮಾಡದವರು ಗಿಡ ಎಸೆದಾರೆಯೇ ಎಂದು ಅಕ್ಕ ಯೋಚಿಸಬಹುದಿತ್ತು. ಆದರೆ ಮೂರು ವರ್ಷದ ಆ ತಮಾಷೆಯೆಲ್ಲ ಆ ಗಳಿಗೆಯಲ್ಲಿ ಅವಳಿಗೆ ನಿಜವಾಗಿ ಕಂಡಿರಬೇಕು. ಅವಳು ಬೆಲ್ಲ ಮುಟ್ಟಲಿಲ್ಲ.

ಮರುದಿನ ಬಚ್ಚಲಿನ ಹಿಂದೆ ದೊಡ್ಡಮ್ಮ ಕುಕ್ಕರಗಾಲಲ್ಲಿ ಕುಳಿತದ್ದು ಕಂಡಿತು. ಬುಟ್ಟಿಯನ್ನು ಹೆಕ್ಕಿ ತಂದಿದ್ದರು. ಕೊಳೆತದ್ದನ್ನೆಲ್ಲ ಉಗುರಿನಿಂದ ತೆಗೆದು, ಮಗ್ಗುಲಲ್ಲಿ ಉಳಿದಿದ್ದ ಎರಡೆಲೆಯ ಒಂದು ಮರಿಯನ್ನು ಬಿಡಿಸುತ್ತಿದ್ದರು. "ಅಕ್ಕಚ್ಚು ಹಾಕಿದ್ದಾ? ದನ ಅಂತ ಮಾಡಿದ್ಯಾ ಇದನ್ನು?" ನಾನು ಅಳತೊಡಗಿದೆ. ಅವರು ಅಂಗಡಿಯ ಹಗ್ಗದಿಂದ ಎಳೆ ಬಿಡಿಸಿ, ಮರ ಕೊಲ್ಲುವ ಜಾತಿ ಎಂದು ತಾವೇ ನಂಬಿದ್ದ ಆ ಮರಿಯನ್ನು ಬಚ್ಚಲಿನ ಬದಿಯ ಮಾವಿನ ಮರಕ್ಕೆ ತಮ್ಮ ಕೈಯಿಂದಲೇ ಕಟ್ಟಿದರು. "ಬಂದಣಿಕೆಯೋ ಎಂತದೋ. ಜೀವ ಅಲ್ವಾ" ಎಂದರು. ಏಳುವಾಗ ನನ್ನ ಭುಜ ಹಿಡಿದುಕೊಂಡು ಹೇಳಿದರು, "ಅಕ್ಕನಿಗೆ ನೀನೇ ಹೇಳಬೇಕು. ನಾನು ಹೇಳುವುದಿಲ್ಲ."

ನಾನು ಹೇಳಲಿಲ್ಲ. ಇಡೀ ಆಟಿ ಅಕ್ಕ ದೊಡ್ಡಮ್ಮನ ಹತ್ತಿರ ಬೇಕಾದಷ್ಟೇ ಮಾತಾಡಿದಳು. ಹೊರಡುವಾಗ ಅಪ್ಪನ ಕಾಲು ಮುಟ್ಟಿದಳು, ದೊಡ್ಡಮ್ಮನ ಕಾಲು ಮುಟ್ಟಲಿಲ್ಲ. ಮುಂದಕ್ಕೆ ಚಾಚಿದ ಪಾದವನ್ನು ದೊಡ್ಡಮ್ಮ ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. ಮತ್ತೆರಡು ಮಳೆಗಾಲ ಕಳೆದು ಅವರು ತೀರಿಕೊಂಡರು. ಅಕ್ಕ ಬಂದಳು, ಅತ್ತಳು, ಮಾವಿನ ಮರದ ಕಡೆ ಹೋಗಲಿಲ್ಲ.

ದೊಡ್ಡಮ್ಮ ಹೋದ ಮುಂದಿನ ವರ್ಷ ಅವರು ಕಟ್ಟಿದ ಗಿಡ ಅರಳಿತು. ಮೊಳದುದ್ದದ ಗೊನೆ, ಹತ್ತಿರ ಹೋದರೆ ತೆಳ್ಳಗಿನ ಪರಿಮಳ. ಅಕ್ಕನಿಗೆ ಹೂವಿನ ಸುದ್ದಿ ಹೇಳಿದರೆ ಕಟ್ಟಿದವರು ಯಾರೆಂದು ಹೇಳಬೇಕಿತ್ತು, ಅದನ್ನು ಹೇಳಿದರೆ ಉಳಿದದ್ದೆಲ್ಲವನ್ನೂ. ಹಾಗಾಗಿ ಪ್ರತಿ ವರ್ಷವೂ ಅದು ನನ್ನೊಬ್ಬಳ ಎದುರು ಅರಳಿ ಬಾಡಿತು. ಆಮೇಲೆ ಅಪ್ಪ ಹೋದರು, ಅಂಗಡಿ ಹೋಯಿತು, ಮನೆ ಕೆಡವಿದರು. ಮರ ಕಡಿಯುವ ದಿನ ತೊಗಟೆಯ ಸಮೇತ ಗಿಡವನ್ನು ಕೆತ್ತಿ ತಂದೆ. ಈಗ ನಾನಿರುವ ಸಣ್ಣ ಮನೆಯ ಮಾಡಿನ ಅಡಿಯಲ್ಲಿ, ಬುಟ್ಟಿಯಲ್ಲಿ ಇದ್ದಿಲಿನ ಮೇಲೆ ಅದು ಉಂಟು. ಅದಕ್ಕೆ ಹಾಕುವುದು ಬರೀ ನೀರು.

ಈ ಸಲ ಎರಡು ಗೊನೆ ಬಂದಿದೆ, ಇನ್ನೆರಡು ದಿನದಲ್ಲಿ ಅರಳಬಹುದು. ಅರಳಿದ ದಿನವೇ ಬೆಳ್ತಂಗಡಿಯ ಬಸ್ಸು ಹತ್ತುತ್ತೇನೆ, ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು. ಅಕ್ಕನಿಗೆ ಈಗ ಕಣ್ಣು ಮಂಜು. ಹೂವನ್ನು ಅವಳು ಬೆರಳಿನಿಂದಲೇ ನೋಡಬೇಕು. ನಾನು ಹೋದಾಗಲೆಲ್ಲ ಅವಳು ಮೊದಲು ಹೇಳುವುದು "ಕೂತ್ಕೋ" ಎಂದು. ಕೂತರೆ ಬೆಲ್ಲ, ನೀರು ಬರುತ್ತದೆ, ಆಮೇಲೆ ಕಾಫಿ, ಮೊಮ್ಮಕ್ಕಳ ಸುದ್ದಿ, ಕೊನೆಗೆ ಬಸ್ಸಿನ ಹೊತ್ತು. ಇಷ್ಟು ವರ್ಷ ನಾನು ಹಾಗೆಯೇ ಕೂತು, ಕುಡಿದು, ಹೇಳದೆಯೇ ಎದ್ದು ಬಂದೆ. ಈ ಸಲ ಕೂರುವುದಿಲ್ಲ.