ಸಪ್ಪೆಯಣ್ಣನ ಹಂಡೆ

ಬೀದಿ ದೀಪಗಳು ಇನ್ನೂ ಆರಿಲ್ಲ. ಓಣಿಯ ಕೊನೆಯ ಮನೆಯ ಹಿಂದಿರುವ ತಗಡಿನ ಶೆಡ್ಡಿನಲ್ಲಿ ಒಲೆ ಆಗಲೇ ಹೊತ್ತಿಕೊಂಡಿದೆ. ದೊಡ್ಡ ಹಂಡೆಯಲ್ಲಿ ನುಚ್ಚಕ್ಕಿ ತಕತಕ ಕುದಿಯುತ್ತಿದೆ. ಕುಂಬಳಕಾಯಿ ಹೋಳು, ಕ್ಯಾರೆಟ್ ತುರಿ, ಮೂಳೆ ಬಿಡಿಸಿದ ಕೋಳಿಮಾಂಸ ಒಂದರ ಹಿಂದೊಂದು ಅದರೊಳಗೆ ಇಳಿಯುತ್ತವೆ. ಸೌಟು ತಿರುವುತ್ತಿರುವವರ ತುಟಿಯಲ್ಲಿ ಅಜ್ಜ ಬಾಯಿಪಾಠ ಮಾಡಿಸಿದ ಪದ್ಯಗಳು. ಗಡಿಯಾರ ನೋಡುವ ಅಭ್ಯಾಸ ಅವರಿಗಿಲ್ಲ. ಪದ್ಯ ಕೊನೆ ಮುಟ್ಟುವ ಹೊತ್ತಿಗೆ ಅನ್ನ ಹದಕ್ಕೆ ಬಂದಿರುತ್ತದೆ.

ಸುತ್ತಲಿನ ಬೀದಿಗಳೆಲ್ಲ ಇವರನ್ನು ಕರೆಯುವುದು ಸಪ್ಪೆಯಣ್ಣ ಎಂದೇ. ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯ ಸುಳಿವಿಲ್ಲ. ಇವರು ಅಡುಗೆ ಮಾಡುವುದು ನಾಯಿಗಳಿಗೆ.

ಇವತ್ತು ಅವರ ಕಣ್ಣು ಹಂಡೆಯ ಮೇಲಿಲ್ಲ, ಪಕ್ಕದ ಒಲೆಯಲ್ಲಿರುವ ಪುಟ್ಟ ಪಾತ್ರೆಯ ಮೇಲಿದೆ. ಅದು ಬೀಗ ರಿಪೇರಿಯವರ ಮುದಿ ನಾಯಿ ಚಿಲಕನ ಪಾಲು. ಮೂತ್ರಪಿಂಡ ಸೋತಿರುವ ಚಿಲಕ ಮೊನ್ನೆಯಿಂದ ಅನ್ನ ಮುಟ್ಟಿಲ್ಲ. ಇವತ್ತೂ ಮುಟ್ಟದಿದ್ದರೆ ಹೆಚ್ಚು ದಿನ ಉಳಿಯುವುದು ಕಷ್ಟವೆಂದು ಪಶುವೈದ್ಯೆ ಹೇಳಿದ್ದಾರೆ. ಅದಕ್ಕೆಂದೇ ಅವರು ಕೊಟ್ಟ ಅಳತೆಯಲ್ಲಿ ಮೆತ್ತಗಿನ ಅನ್ನ, ಮೊಟ್ಟೆಯ ಬಿಳಿ, ಚೂರು ಕುಂಬಳಕಾಯಿ ಬೇಯುತ್ತಿದೆ.

"ಹಂಡೆದು ಬಿಡಿ, ಬಿಸಿಲೇರೋದ್ರೊಳಗೆ ಖಾಲಿ ಆಗುತ್ತೆ. ಈ ಒಂದು ಪಾತ್ರೆ ಹೋದ ಹಾಗೇ ವಾಪಸ್ ಬರೋದನ್ನ ನೋಡಕ್ಕಾಗಲ್ಲ ನನ್ನ ಕೈಲಿ," ಎನ್ನುತ್ತಾರೆ.

ಸಪ್ಪೆಯಣ್ಣ ಮೊದಲು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವರು. ಮೂಗಿನಲ್ಲಿ ನೀರು ಬರಿಸುವ ಸಾರು ಮಾಡುವುದರಲ್ಲಿ ಎತ್ತಿದ ಕೈ. ಕಾರ್ಖಾನೆ ಬೇರೆ ಊರಿಗೆ ಎದ್ದು ಹೋದಾಗ ಕೈಗೆ ಕೆಲಸವಿಲ್ಲದೆ ಕೂತರು. ಆಗ ಎದುರು ಮನೆಯ ಟೈಲರಮ್ಮ ಬಂದು, "ಅಣ್ಣಾ, ಅಂಗಡಿ ಪ್ಯಾಕೆಟ್ ಊಟ ನನ್ನ ಕೈಗೆ ಎಟುಕಲ್ಲ. ನನ್ನ ನಾಯಿಗೆ ಏನಾದರೂ ಬೇಯಿಸಿ ಕೊಡ್ತೀರಾ?" ಎಂದರಂತೆ. ಸಪ್ಪೆಯಣ್ಣ ಆ ನಾಯಿಯನ್ನು ಕರೆದುಕೊಂಡು ನೇರ ವೈದ್ಯೆಯ ಮುಂದೆ ನಿಂತರು. ಏನು ಹಾಕಬೇಕು, ಏನು ಹಾಕಬಾರದು, ಯಾವ ತೂಕದ ನಾಯಿಗೆ ಎಷ್ಟು ಎಂಬುದನ್ನೆಲ್ಲ ಪದ್ಯ ಕಲಿತ ಹಾಗೆ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡರು. ವೈದ್ಯೆ ನೋಡದ ನಾಯಿಗೆ ಈಗಲೂ ಅವರ ಹಂಡೆಯಿಂದ ಒಂದು ಸೌಟು ಹೋಗುವುದಿಲ್ಲ.

ಖರ್ಚು ಇಳಿಸುವ ದಾರಿ ಅವರೇ ಕಂಡುಕೊಂಡದ್ದು. ಅಕ್ಕಿಯ ಬದಲು ನುಚ್ಚು, ಕೋಳಿ ಅಂಗಡಿಯಲ್ಲಿ ಕೇಳುವವರಿಲ್ಲದ ಗುಂಡಿಗೆ ಮತ್ತು ಸ್ವಲ್ಪ ಲಿವರ್, ಸಂತೆ ಮುಗಿಯುವ ಹೊತ್ತಿನ ತರಕಾರಿ. ಮೊಟ್ಟೆ ಚಿಪ್ಪನ್ನೂ ಬಿಸಾಡುವುದಿಲ್ಲ. ಕುದಿಸಿ, ಒಣಗಿಸಿ, ನುಣ್ಣಗೆ ಪುಡಿ ಮಾಡಿ ವೈದ್ಯೆ ಹೇಳಿದಷ್ಟು ಚಿಟಿಕೆ ಬೆರೆಸುತ್ತಾರೆ. ಈಗ ನಲವತ್ತರಷ್ಟು ನಾಯಿಗಳು ಈ ಹಂಡೆಯನ್ನು ನಂಬಿವೆ. ಪ್ಯಾಕೆಟ್ಟಿನ ಅರ್ಧ ಬೆಲೆಯೂ ಆಗುವುದಿಲ್ಲ. ಅಷ್ಟೂ ಕೊಡಲಾಗದವರು ಒಂದು ಕುಂಬಳಕಾಯಿ ತಂದಿಟ್ಟು ಹೋಗುತ್ತಾರೆ.

ಆದರೆ ಕ್ಯಾಂಟೀನಿನ ಕೈ ಅಷ್ಟು ಸುಲಭಕ್ಕೆ ಹಳೆಯದನ್ನು ಮರೆಯುತ್ತದೆಯೇ? ಶುರುವಿನಲ್ಲೊಂದು ದಿನ ಅವರು ಪದ್ಯದಲ್ಲಿ ಮುಳುಗಿದ್ದಾಗ ಕೈ ತನ್ನ ಪಾಡಿಗೆ ಬುಟ್ಟಿ ಈರುಳ್ಳಿ ಹೆಚ್ಚಿ ಹಂಡೆಗೆ ಸುರಿದುಬಿಟ್ಟಿತ್ತು. ಈರುಳ್ಳಿ ನಾಯಿಯ ರಕ್ತಕ್ಕೇ ವಿಷ. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಡತಿಯ ಮೂಗಿಗೆ ವಾಸನೆ ಬಡಿದದ್ದೇ ಪುಣ್ಯ, ಓಡಿ ಬಂದು ಒಲೆ ಆರಿಸಿದರು. ನಾಯಿಗಳಿಗೆ ಹೊಸದಾಗಿ ಬೇಯಿಸಿದ್ದಾಯಿತು. ಆ ಹಂಡೆಯನ್ನು ಮುಗಿಸುವ ಭಾರ ಮನೆಯವರ ಮೇಲೂ ಅಕ್ಕಪಕ್ಕದವರ ಮೇಲೂ ಬಿತ್ತು.

"ಮದುವೆಯಾಗಿ ಬಂದ ಮೇಲೆ ಮಾವ ಮಾಡಿದ್ದರಲ್ಲಿ ಬಾಯಿಗಿಡೋ ಹಾಗಿದ್ದದ್ದು ಅದೊಂದೇ," ಎಂದು ಸೊಸೆ ನಗುತ್ತಾಳೆ. ಅಂದಿನಿಂದ ಈರುಳ್ಳಿ, ಬೆಳ್ಳುಳ್ಳಿ, ಉಪ್ಪಿನ ಡಬ್ಬಿಗೆ ಶೆಡ್ಡಿನ ಹೊಸ್ತಿಲು ದಾಟುವ ಹಾಗಿಲ್ಲ. ಹೆಂಡತಿ ದಿನಾ ಬೆಳಿಗ್ಗೆ ಗಂಡನ ಎರಡೂ ಕೈ ಮೂಸಿ ನೋಡಿಯೇ ಒಳಗೆ ಬಿಡುತ್ತಾರೆ. "ಮದುವೆಯಾದ ಹೊಸದರಲ್ಲೂ ಈ ಕೈನ ಇಷ್ಟು ಸಲ ಹಿಡಿದಿರಲಿಲ್ಲ ನಾನು," ಎಂಬ ಮಾತು ಬೇರೆ!

ಹಂಡೆ ಇಳಿದಿದೆ. ಡಬ್ಬಿಗಳನ್ನು ತುಂಬುವ ಕೆಲಸ ಅತ್ತೆ ಸೊಸೆಯರದು. ಸಪ್ಪೆಯಣ್ಣ ಪುಟ್ಟ ಪಾತ್ರೆಯನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡು ಹೊರಡುತ್ತಾರೆ. "ನಾಯಿ ಮೊದಲು ಉಣ್ಣೋದು ಮೂಗಲ್ಲಿ. ಆರಿದರೆ ವಾಸನೆ ಹೋಗುತ್ತೆ," ಎನ್ನುತ್ತ ಬಿರಬಿರನೆ ಹೆಜ್ಜೆ ಹಾಕುತ್ತಾರೆ.

ಬೀಗ ರಿಪೇರಿಯವರ ಅಂಗಡಿ ಒಂದು ಬಾಗಿಲಿನಷ್ಟೇ ಅಗಲ. ಗೋಡೆ ತುಂಬ ಬೀಗದ ಕೈಗಳು, ಮೂಲೆಯ ಸ್ಟೂಲಿನ ಮೇಲೆ ಅವರು, ಅದರ ಬುಡದ ಗೋಣಿಯ ಮೇಲೆ ಚಿಲಕ. ಸಪ್ಪೆಯಣ್ಣ ಬೆರಳಿಟ್ಟು ಬಿಸಿ ನೋಡಿ ತಟ್ಟೆಗೆ ಬಡಿಸುತ್ತಾರೆ. ಚಿಲಕನ ಮೂಗು ಅಲ್ಲಾಡುತ್ತದೆ. ಕತ್ತೆತ್ತಿ ಯಜಮಾನನ ಮುಖ ನೋಡುತ್ತದೆ, ನೋಡುತ್ತಲೇ ಇರುತ್ತದೆ. ಮತ್ತೆ ಗದ್ದ ಗೋಣಿಗೆ.

"ನೋಡಿದ್ರಲ್ಲ, ಮೊನ್ನೆಯಿಂದ ಇದೇ ಗೋಳು," ಎನ್ನುತ್ತಾರೆ ಬೀಗದವರು.

ಸಪ್ಪೆಯಣ್ಣ ನೋಡಿದ್ದು ಬೇರೆ. ನಾಯಿಗೆ ವಾಸನೆ ಹಿಡಿಸಿದೆ, ಆದರೂ ಅದು ಯಾವುದಕ್ಕೋ ಕಾಯುತ್ತಿದೆ. "ನೀವು ಉಂಡ್ರಾ?" ಎಂದು ಕೇಳುತ್ತಾರೆ.

"ಅದು ಹೀಗೆ ಮಲಗಿರೋವಾಗ ನನಗೆ ಗಂಟಲಲ್ಲಿ ಇಳಿಯುತ್ತಾ? ಟೀ ಕುಡಿದು ದಿನ ದೂಡ್ತಿದ್ದೀನಿ."

"ಮುಂಚೆ ಹೇಗೆ ಉಣ್ತಿದ್ರಿ ಇಬ್ಬರೂ?"

"ಒಟ್ಟಿಗೇ. ಮರಿ ಇದ್ದಾಗ ನನ್ನ ತಟ್ಟೆಗೇ ಬಾಯಿ ಹಾಕೋದು. ಗದರಿಸಿ, ನಾನು ಮೊದಲ ತುತ್ತು ತಿನ್ನೋವರೆಗೂ ಕಾಯಬೇಕು ಅಂತ ಕಲಿಸಿದ್ದೆ..." ಬೀಗದವರ ಕಣ್ಣು ಚಿಲಕನ ತಟ್ಟೆಯತ್ತ ಹೊರಳುತ್ತದೆ.

ಸಪ್ಪೆಯಣ್ಣ ಗೂಡಿನಲ್ಲಿದ್ದ ಇನ್ನೊಂದು ತಟ್ಟೆ ತೆಗೆದು ಅದೇ ಪಾತ್ರೆಯಿಂದ ಒಂದಿಷ್ಟು ಹಾಕುತ್ತಾರೆ. "ಕೂತ್ಕೊಳ್ಳಿ ಕೆಳಗೆ."

"ನಾಯಿ ಊಟಾನಾ ನನಗೆ?"

"ಅನ್ನ, ಮೊಟ್ಟೆ, ಕುಂಬಳಕಾಯಿ. ಟೀಗಿಂತ ಮೇಲು, ಉಣ್ಣಿ."

ಬೀಗದವರು ನೆಲದ ಮೇಲೆ ಕೂತು ಒಂದು ತುತ್ತು ಬಾಯಿಗಿಡುತ್ತಾರೆ. ಮುಖ ಹಿಂಡಿದ ನಿಂಬೆಯ ಹಾಗಾಗುತ್ತದೆ. "ದೇವರೇ! ದಿನಾ ಇದನ್ನು ಹಾಕ್ತಿದ್ದೀರಲ್ಲ, ಯಾವ ನಾಯೀನೂ ನಿಮ್ಮನ್ನ ಕಚ್ಚಿಲ್ವಾ ಇನ್ನೂ?"

"ಮಾತು ಆಮೇಲೆ. ನುಂಗಿ ಮೊದಲು."

ಎರಡನೆಯ ತುತ್ತಿಗೆ ಚಿಲಕನ ಕಿವಿ ನಿಮಿರುತ್ತದೆ. ಮೂರನೆಯದಕ್ಕೆ ಮುಂಗಾಲು ಊರಿ, ನಡುಗುತ್ತ, ಎದ್ದು ತಟ್ಟೆಗೆ ಮೂತಿ ಇಡುತ್ತದೆ. ಮೊದಲು ನೆಕ್ಕುತ್ತದೆ. ಆಮೇಲೆ ಉಣ್ಣುತ್ತದೆ. ಉಂಡದ್ದು ಅರ್ಧ ತಟ್ಟೆಯಷ್ಟೇ. ಬೀಗದವರು ಗೋಡೆಯ ಕಡೆ ತಿರುಗಿ, ಯಾರೂ ಕೇಳದ ಯಾವುದೋ ಬೀಗದ ಕೈ ಹುಡುಕತೊಡಗುತ್ತಾರೆ.

ಮನೆಗೆ ಮರಳಿದ ಸಪ್ಪೆಯಣ್ಣ ವೈದ್ಯೆಗೆ ಫೋನು ಮಾಡಿ ಸುದ್ದಿ ಮುಟ್ಟಿಸುತ್ತಾರೆ. ಔಷಧಿಯನ್ನು ಅನ್ನದಲ್ಲೇ ಬೆರೆಸಿ ಕೊಡಲು ಹೇಳಿದ ವೈದ್ಯೆ ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ: ಸೋತ ಮೂತ್ರಪಿಂಡ ಮೊದಲಿನಂತಾಗುವುದಿಲ್ಲ, ಸಿಕ್ಕರೆ ಇನ್ನು ಕೆಲವು ತಿಂಗಳು. ಸಪ್ಪೆಯಣ್ಣ ಹೂಂಗುಟ್ಟಿ ಫೋನು ಇಡುತ್ತಾರೆ. ಎದ್ದು, ಅಟ್ಟದ ಮೇಲಿಂದ ಸ್ವಲ್ಪ ದೊಡ್ಡದೊಂದು ಪಾತ್ರೆ ಇಳಿಸಿ ಬೂದಿ ಹಾಕಿ ತಿಕ್ಕತೊಡಗುತ್ತಾರೆ.

ಮುಂದಕ್ಕೇನು ಆಸೆ ಎಂದು ಕೇಳಿದರೂ ತಿಕ್ಕುತ್ತಿರುವ ಅವರ ಕೈ ನಿಲ್ಲುವುದಿಲ್ಲ.

"ದೊಡ್ಡದೇನಿಲ್ಲ. ಚಿಲಕ ಹೋಗೋ ದಿನ ಬಂದೇ ಬರುತ್ತೆ, ಅದನ್ನ ತಡೆಯೋ ಅಡುಗೆ ನನಗೆ ಬರಲ್ಲ. ಅವತ್ತು ಅದರ ಹೊಟ್ಟೇಲಿ ಬೆಚ್ಚಗೆ ಒಂದು ಹಿಡಿ ಅನ್ನ ಇರಲಿ. ಅದರ ಪಕ್ಕದಲ್ಲಿ ಕೂತಿರೋನ ಹೊಟ್ಟೇಲೂ ಇರಲಿ."