ಬಾಯಮ್ಮನ ಮನೆಯ ಹಾಸಿಗೆಗಳು

ಕಾಪು ಪೇಟೆಯಲ್ಲಿ ನನ್ನದೊಂದು ಹಾಸಿಗೆ ಅಂಗಡಿ. ಮದುವೆಯ ಮನೆಯವರು ನನ್ನಲ್ಲಿಗೆ ನಗುತ್ತ ಬರುತ್ತಾರೆ, ಬಾಣಂತಿಯ ಮನೆಯವರು ಅವಸರದಲ್ಲಿ ಬರುತ್ತಾರೆ. ಸಾಯುವವರಿಗಾಗಿ ಹಾಸಿಗೆ ಕೇಳಿಕೊಂಡು ಬಂದವರು ಮ್ಯಾಗ್ಡಲಿನ್ ಬಾಯಿ ಒಬ್ಬರೇ.

ಅದು ೧೯೭೪, ಮಳೆಗಾಲ ಮುಗಿದಿತ್ತು. ಮಣಿಪಾಲದ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ಆಯಾ ಆಗಿದ್ದು ಕೆಲಸ ಬಿಟ್ಟಿದ್ದರು. ಮದುವೆ ಆಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಶಿರ್ವ ರಸ್ತೆಯ ಹಂಚಿನ ಮನೆಯಲ್ಲಿ ಅವರೊಬ್ಬರೇ. “ಇನ್ನು ಮಾಡುವುದಕ್ಕೆ ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ” ಎಂದು ಡಾಕ್ಟರು ಹೇಳಿದ ಮೇಲೆ, ನೋಡಿಕೊಳ್ಳುವ ಜನವಿಲ್ಲದೆ ವಾರ್ಡಿನ ಬಾಗಿಲಲ್ಲಿ ಕುಳಿತವರನ್ನು ಅಷ್ಟು ವರ್ಷ ಕಂಡಿದ್ದರು. ಅಂಥ ನಾಲ್ವರನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ, ನಾಲ್ಕು ಹಾಸಿಗೆ ಬೇಕು ಎಂದರು.

“ಬಾಯಮ್ಮ, ಗುಣ ಆಗುವವರಿಗೆ ಆಸ್ಪತ್ರೆ ಉಂಟು. ಗುಣ ಆಗದವರಿಗೆ ನೀವು ಎಂತ ಮಾಡ್ತೀರಿ?”

“ಬೆನ್ನು ಒರೆಸ್ತೇನೆ, ಗಂಜಿ ಕುಡಿಸ್ತೇನೆ, ಮಗ್ಗುಲು ತಿರುಗಿಸ್ತೇನೆ. ನೀವು ಹತ್ತಿ ಸರಿಯಾಗಿ ತುಂಬಿಸಿ. ಮಂಚದ ಹಲಗೆ ಎಲುಬಿಗೆ ತಾಗಬಾರದು.”

“ನನ್ನದು ಎಲ್ಲ ಹೊಸ ಬೂರುಗದ ಹತ್ತಿ.”

ಅವರು ಹಾಸಿಗೆಯ ಒಂದು ಮೂಲೆಯನ್ನು ಮೂಗಿನ ಹತ್ತಿರ ಹಿಡಿದರು. “ಹಳೆಯ ಹತ್ತಿಯನ್ನು ಬಿಸಿಲಿಗೆ ಹಾಕಿ ಬಡಿದರೆ ಹೊಸದೇ, ಅಲ್ವಾ ಉಮಾನಾಥಣ್ಣ?”

ನಾನು ಹಗ್ಗ ಬಿಗಿಯುವ ಕೆಲಸದಲ್ಲಿ ಮುಳುಗಿದೆ.

ಮೊದಲ ವರ್ಷ ಇಬ್ಬರು ಬಂದರು, ಇಬ್ಬರೂ ತೀರಿಕೊಂಡರು. ಮೂರನೆಯವನು ಹೆಜಮಾಡಿಯ ಚೆನ್ನಪ್ಪ, ದೋಣಿಗೆ ಹೋಗುತ್ತಿದ್ದವನು, ಹೊಟ್ಟೆಯ ಕ್ಯಾನ್ಸರ್. ಮಲಗಿಸುವಾಗ ಕೇಳಿದ, “ಬಾಯಮ್ಮ, ಇದರ ಮೇಲೆ ಮೊದಲು ಯಾರಿದ್ದದ್ದು?”

ನಮ್ಮ ಕಡೆ ಸತ್ತವರ ಹಾಸಿಗೆಯನ್ನು ಮನೆಯಲ್ಲಿ ಉಳಿಸುವುದಿಲ್ಲ. ದೂರ ಒಯ್ದು ಸುಡುತ್ತಾರೆ. ಮ್ಯಾಗ್ಡಲಿನ್ ಬಾಯಿಗೆ ಅದು ಹೊಳೆಯಲೇ ಇಲ್ಲ. ವಾರ್ಡಿನಲ್ಲಿ ಬೆಳಿಗ್ಗೆ ಒಬ್ಬ ಹೋದರೆ ಮಧ್ಯಾಹ್ನ ಅದೇ ಮಂಚಕ್ಕೆ ಇನ್ನೊಬ್ಬ. ಅಂಗಡಿ ಇಟ್ಟವರಲ್ಲವಾದ್ದರಿಂದ ಸುಳ್ಳು ಹೇಳುವ ಅಭ್ಯಾಸವೂ ಇರಲಿಲ್ಲ. “ಕಾರ್ಕಳದ ರೊಸಾರಿಯೊ. ಹೋದ ತಿಂಗಳು ತೀರಿಕೊಂಡರು” ಎಂದುಬಿಟ್ಟರು.

ಚೆನ್ನಪ್ಪ ಮೆಲ್ಲಗೆ ಮಂಚದಿಂದ ಜಾರಿ ಸಿಮೆಂಟು ನೆಲದ ಮೇಲೆ ಮಲಗಿದ. ಎಷ್ಟು ಹೇಳಿದರೂ ಏಳಲಿಲ್ಲ. ನಾಲ್ಕು ದಿನದಲ್ಲಿ ಬೆನ್ನು ಹುಣ್ಣಾಯಿತು. ಐದನೆಯ ದಿನ ತಮ್ಮ ಬಂದು ಕರೆದೊಯ್ದ. ಹದಿನೈದು ದಿನದ ಮೇಲೆ ಆ ಹುಣ್ಣಿನ ಜೊತೆಯಲ್ಲೇ ಸತ್ತ. ಸುದ್ದಿ ಬಸ್ಸಿಗಿಂತ ಮೊದಲು ಉಡುಪಿ ಮುಟ್ಟಿತು: ಬಾಯಮ್ಮನ ಮನೆಯಲ್ಲಿ ಹೆಣದ ಹಾಸಿಗೆ ಕೊಡುತ್ತಾರಂತೆ. ನಾಲ್ಕು ತಿಂಗಳು ಆ ಮನೆಯ ಮೆಟ್ಟಿಲು ಹತ್ತಿದವರಿಲ್ಲ.

ಒಂದು ಮಧ್ಯಾಹ್ನ ಮ್ಯಾಗ್ಡಲಿನ್ ಬಾಯಿ ಅಂಗಡಿಗೆ ಬಂದು ಕುಳಿತರು. “ಉಮಾನಾಥಣ್ಣ, ನಾನು ಸುಳ್ಳು ಹೇಳಬೇಕಿತ್ತಾ?”

“ವ್ಯಾಪಾರದಲ್ಲಾದರೆ ಹೌದು.”

“ಇದು ವ್ಯಾಪಾರ ಅಲ್ವಲ್ಲ ಮಾರಾಯ್ರೆ. ಆ ಮನುಷ್ಯನ ಬೆನ್ನು ನನ್ನ ಕಣ್ಣಿಂದ ಹೋಗುವುದಿಲ್ಲ.” ಹೊರಡಲು ಎದ್ದವರು ಬಾಗಿಲಲ್ಲಿ ತಿರುಗಿದರು. “ಇನ್ನು ಬರುವವರು ತಮ್ಮ ತಮ್ಮ ಹಾಸಿಗೆ ತರಲಿ. ತಮ್ಮದರ ಮೇಲೆ ಯಾರಿಗೂ ಹೆದರಿಕೆ ಇಲ್ಲ. ನಿಮ್ಮ ನಾಲ್ಕನ್ನು ನೀವು ವಾಪಸ್ ತಗೊಳ್ಳಿ.”

ತೆಗೆದುಕೊಂಡೆ. ಆ ಹತ್ತಿ ಏನಾಯಿತೆಂದು ಇಲ್ಲಿ ಬರೆಯುವುದಿಲ್ಲ. ಕಾಪುವಿನ ಮದುವೆ ಮನೆಗಳಿಗೆ ನನ್ನ ಮೇಲೆ ಇನ್ನೂ ವಿಶ್ವಾಸ ಇದೆ.

ಆ ಕಟ್ಟಳೆಯಿಂದಲೇ ಮನೆ ಬೆಳೆಯಿತು. ಜನ ಹಾಸಿಗೆ ಸುತ್ತಿಕೊಂಡು ಬಂದರು, ತೀರಿಕೊಂಡರೆ ಮನೆಯವರು ಹಾಸಿಗೆ ಒಯ್ದು ಸುಟ್ಟರು. ೧೯೮೦ರ ಹೊತ್ತಿಗೆ ಹನ್ನೆರಡು ಮಂಚಗಳಾದವು. ಮಣಿಪಾಲದಿಂದ ಒಬ್ಬ ಡಾಕ್ಟರು ಗುರುವಾರ ಸ್ಕೂಟರಿನಲ್ಲಿ ಬಂದು ನೋವಿನ ಔಷಧಿ ಕೊಟ್ಟು ಹೋಗುತ್ತಿದ್ದರು. ಸುತ್ತಲಿನ ಮನೆಗಳು ದಿನಕ್ಕೊಂದರಂತೆ ಗಂಜಿ ಕಳಿಸುತ್ತಿದ್ದವು. ಮಟ್ಟುವಿನವರು ತಮ್ಮೂರಿನ ಗುಳ್ಳ ಬದನೆ ತಂದು ಜಗಲಿಯಲ್ಲಿ ಇಟ್ಟು, ಒಳಗೆ ಇಣುಕದೆ ಹೋಗುತ್ತಿದ್ದರು. ನಾನು ಮಾತ್ರ ಇಣುಕುತ್ತಿದ್ದೆ. ಯಾರ ಮನೆಯವರು ಒಳ್ಳೆಯ ಹಾಸಿಗೆಯನ್ನು ಉಳಿಸಿಕೊಂಡು ಹರಿದದ್ದನ್ನು ಕಳಿಸಿದ್ದಾರೆಂದು ನನಗೆ ದೂರದಿಂದಲೇ ತಿಳಿಯುತ್ತಿತ್ತು. ಎಷ್ಟು ದೊಡ್ಡ ಮನೆಯವರು ಎಷ್ಟು ತೆಳ್ಳನೆಯ ಹಾಸಿಗೆ ಕಳಿಸಿದರೆಂದು ಹೇಳಹೊರಟರೆ ನನ್ನ ಅಂಗಡಿ ಮುಚ್ಚಬೇಕಾದೀತು.

೧೯೮೩ರಲ್ಲಿ ನನ್ನ ಸರದಿ ಬಂತು. ಕಾರ್ಕಳದಲ್ಲಿದ್ದ ನನ್ನ ಅಕ್ಕ ಕುಶಲಾಳಿಗೆ ಗರ್ಭಕೋಶದ ಕ್ಯಾನ್ಸರ್. ಭಾವ ಇಲ್ಲ, ಮಕ್ಕಳಿಲ್ಲ. ನಮ್ಮ ಮನೆಗೆ ಬಾ ಎಂದೆ.

“ನಿನ್ನ ಹೆಂಡತಿ ಒಳ್ಳೆಯವಳು ಉಮಾನಾಥ. ಒಳ್ಳೆಯವಳಾಗಿಯೇ ಇರಲಿ. ನನ್ನನ್ನು ಬಾಯಮ್ಮನಲ್ಲಿಗೆ ಬಿಡು.”

ಅವಳ ಹಾಸಿಗೆಯನ್ನು ಆಳಿಗೆ ಕೊಡದೆ ನಾನೇ ಮಾಡಿದೆ. ಬೂರುಗದ ಕಾಯಿ ಒಡೆದು, ಬೀಜ ಬಿಡಿಸಿ, ಎರಡು ದಿನ ಒಣಗಿಸಿ ತುಂಬಿದೆ. ಮೂವತ್ತು ವರ್ಷದ ವ್ಯಾಪಾರದಲ್ಲಿ ಪೂರ್ತಿ ಹೊಸ ಹತ್ತಿಯ ಮೊದಲ ಹಾಸಿಗೆ ಅದು. ಅಕ್ಕ ಅಂಗೈಯಿಂದ ಒತ್ತಿ ನೋಡಿದಳು. “ಇದರಲ್ಲಿ ಮೋಸ ಇಲ್ಲ ಮಾರಾಯ” ಎಂದಳು. ಆ ದಿನ ಸಂಜೆಯವರೆಗೆ ನಿದ್ದೆ ಮಾಡಿದಳು.

ಮೂವತ್ತೊಂಬತ್ತು ದಿನ ಇದ್ದಳು. ದಹನ ಮುಗಿದ ಮರುದಿನ, ಹಾಸಿಗೆಯನ್ನು ಸಮುದ್ರದ ಬದಿಗೆ ಒಯ್ದು ಸುಡಬೇಕೆಂದು ಹೋದೆ. ಸುರುಳಿ ಕಟ್ಟಿ ಹೆಗಲಿಗೇರಿಸಿ ಮೆಟ್ಟಿಲಿಳಿಯುವಾಗ ಮಣಿಪಾಲದಿಂದ ಒಂದು ರಿಕ್ಷಾ ಬಂತು. ಅದರಲ್ಲಿದ್ದದ್ದು ಕೆಮ್ಮಣ್ಣಿನ ವೆರೊನಿಕಾ ಎಂಬವರು, ಹೊಳೆಯಲ್ಲಿ ಚಿಪ್ಪು ಹೆಕ್ಕಿ ಮಾರಿ ಬದುಕಿದವರು. ಹಿಂದೆ ಮುಂದೆ ಯಾರೂ ಇಲ್ಲ. ಕೈಯಲ್ಲೊಂದು ಬಟ್ಟೆಯ ಚೀಲ, ಅಷ್ಟೆ. ಅವರನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿ ಮ್ಯಾಗ್ಡಲಿನ್ ಬಾಯಿ ತಮ್ಮ ಕೋಣೆಯಿಂದ ತಮ್ಮದೇ ಹಾಸಿಗೆಯನ್ನು ಎಳೆದು ತಂದರು. ಅರವತ್ತು ದಾಟಿದವರು, ಮೊಣಕಾಲು ನೋವಿನವರು. ಇನ್ನು ಅವರು ನೆಲದ ಮೇಲೆ. ಅವರ ಹಾಸಿಗೆಯೋ, ಚಾಪೆಗಿಂತ ತುಸು ದಪ್ಪ. ನನ್ನನ್ನು ಅವರು ಏನೂ ಕೇಳಲಿಲ್ಲ.

ಕೇಳಿದ್ದು ವೆರೊನಿಕಾ. “ಅಣ್ಣಾ, ನಿಮ್ಮ ಹೆಗಲಿನದ್ದು ಯಾರದು?”

“ಹೊಸದು” ಎಂಬ ಮಾತು ನಾಲಗೆಯ ತುದಿಗೆ ತಾನಾಗಿಯೇ ಬಂದಿತ್ತು. ಮ್ಯಾಗ್ಡಲಿನ್ ಬಾಯಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

“ನನ್ನ ಅಕ್ಕನದು. ಮೊನ್ನೆ ತೀರಿಕೊಂಡಳು. ಇದರ ಮೇಲೆಯೇ.”

ವೆರೊನಿಕಾ ಸ್ವಲ್ಪ ಹೊತ್ತು ಹಾಸಿಗೆಯನ್ನು ನೋಡಿದರು. “ಅವರಿಗೆ ನಿದ್ದೆ ಬರ್ತಿತ್ತಾ?”

“ಬರ್ತಿತ್ತು. ಕಡೆಯ ವಾರವೂ.”

“ನನಗೆ ನಿದ್ದೆ ಇಲ್ಲದೆ ಎರಡು ತಿಂಗಳಾಯ್ತು. ಹಾಸಿ.”

ಹಾಸಿದೆ. “ಎಲ್ಲಿ ಸುಟ್ಟಿರಿ?” ಎಂದು ಹೆಂಡತಿ ಕೇಳಿದಳು. ಸುಡಲಿಲ್ಲ ಎಂದೆ. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ತಾನೇ ಆ ಹಾಸಿಗೆಗೆ ಒಂದು ಮೇಲುಹೊದಿಕೆ ಹೊಲಿದು ಕೊಟ್ಟಳು.

ಈಗ ಐದು ವರ್ಷವಾಯಿತು. ಮಂಚಗಳು ಹದಿನೆಂಟು. ಹಾಸಿಗೆ ತರಬೇಕೆಂಬ ಕಟ್ಟಳೆ ಹಾಗೆಯೇ ಇದೆ. ತರಲಾಗದವರಿಗೆ ಅಕ್ಕನ ಹಾಸಿಗೆ ಇದೆ. ಪ್ರತಿ ಬೇಸಿಗೆಯಲ್ಲಿ ನಾನು ಹೋಗಿ, ಅಂಗಳದಲ್ಲಿ ಅದನ್ನು ಬಿಚ್ಚಿ, ಹತ್ತಿ ಬಡಿದು, ಕಡಿಮೆಯಾದಷ್ಟು ಹೊಸದನ್ನು ಸೇರಿಸಿ ಬರುತ್ತೇನೆ. ಇದರ ಮೇಲೆ ಯಾರಿದ್ದದ್ದು ಎಂದು ಯಾರಾದರೂ ಕೇಳಿದರೆ ಮ್ಯಾಗ್ಡಲಿನ್ ಬಾಯಿ ಹೆಸರುಗಳನ್ನು ಮೊದಲಿನಿಂದ ಹೇಳುತ್ತಾರೆ. ಒಬ್ಬಿಬ್ಬರು ಬೇಡವೆಂದು ನೆಲಕ್ಕೆ ಇಳಿದದ್ದೂ ಉಂಟು. ಅವರಿಗೆ ಬಾಯಮ್ಮ ತಮ್ಮದನ್ನು ಬಿಟ್ಟುಕೊಡುತ್ತಾರೆ. ಉಳಿದವರು ಕೇಳಿಸಿಕೊಂಡು ಮಲಗುತ್ತಾರೆ. ಕುಶಲಾ ಎಂಬ ಹೆಸರಿನಿಂದ ಅವರು ಆರಂಭಿಸುವಾಗ ನಾನು ಅಂಗಳದಲ್ಲಿದ್ದರೆ, ಹತ್ತಿ ಬಡಿಯುವ ಕೋಲನ್ನು ಕೆಳಗಿಡುತ್ತೇನೆ.